ಎದ್ದ ಮೇಲಿನ ತಗ್ಗು

ನಮ್ಮ ಮನೆಯ ಸೋಫಾದಲ್ಲಿ ಕೂತವರು ಎದ್ದು ಹೊರಟರೆ ನಾನು ಅವರನ್ನು ಬೀಳ್ಕೊಡುವುದು ಬಿಟ್ಟು ಮೆತ್ತೆಯನ್ನೇ ನೋಡುತ್ತ ನಿಲ್ಲುತ್ತೇನೆ. ದೇಹಭಾರಕ್ಕೆ ತಗ್ಗಿದ್ದ ಸ್ಪಂಜು ಮೆಲ್ಲಗೆ ಉಸಿರೆಳೆದುಕೊಂಡು ಮೊದಲಿನ ಮಟ್ಟಕ್ಕೆ ಬರುವುದರಲ್ಲಿ ಅದೇನು ಸೊಗಸೋ! ಅತಿಥಿಗಳು ಇದನ್ನು ಅನಾದರವೆಂದೂ ನನ್ನ ಹೆಂಡತಿ ಹುಚ್ಚೆಂದೂ ತಿಳಿದಿದ್ದಾರೆ. ನಿಜಕ್ಕೂ ಇದು ನನ್ನ ಹಳೆಯ ಉದ್ಯೋಗದ ಶೇಷ.

ಎರಡು ಸಾವಿರದ ಇಸವಿಯ ಆಚೀಚೆ ಚೆನ್ನೈನ ಪ್ರಯೋಗಾಲಯವೊಂದರಲ್ಲಿ ನಾನು ಜೀವಕೋಶಗಳ ಬಲವನ್ನು ಅಳೆಯುತ್ತಿದ್ದೆ. ನನ್ನ ಕಡ್ಡಿದೇಹಕ್ಕೂ ಬಲಕ್ಕೂ ಇದ್ದ ಸಂಬಂಧ ಅಷ್ಟೇ. ಬರಿಗಣ್ಣಿಗೆ ಕಾಣದ ಕೋಶವೂ ತಾನು ಕೂತ ನೆಲವನ್ನು ಬಿಗಿಯಾಗಿ ಹಿಡಿದು ತನ್ನತ್ತ ಜಗ್ಗುತ್ತಿರುತ್ತದೆ. ಹೊಳೆಯುವ ಸೂಕ್ಷ್ಮ ಮಣಿಗಳನ್ನು ಹುದುಗಿಸಿದ ಮೆದುವಾದ ಜೆಲ್ಲಿನ ಮೇಲೆ ಅದನ್ನು ಕೂರಿಸಿ, ಮಣಿಗಳ ಚಿತ್ರ ತೆಗೆದು, ಆಮೇಲೆ ಕಿಣ್ವದ ಹನಿ ಹಾಕಿ ಕೋಶದ ಹಿಡಿತ ಬಿಡಿಸಿ, ಮಣಿಗಳು ಎಷ್ಟು ದೂರ ಹಿಂದೆ ಸರಿದವೆಂದು ನೋಡಬೇಕು. ಆ ಹೊತ್ತಿಗೆ ಸರಿಯಾಗಿ ನನಗೆ ಸೀನು ಬಂದು, ತಟ್ಟೆ ಅಲುಗಿ, ದಿನದ ಶ್ರಮವೆಲ್ಲ ನೀರುಪಾಲಾಗುತ್ತಿತ್ತು. ಹಿಡಿದಿರುವಷ್ಟು ಕಾಲ ಹಿಡಿತವೆಷ್ಟೆಂದು ತಿಳಿಯದು, ಬಿಟ್ಟ ಮೇಲೇ ತಿಳಿಯುವುದು. ಪೂರ್ತಿಯಾಗಿ ಹಿಂದಿರುಗದ ಜೆಲ್ಲನ್ನು ಮಾತ್ರ ಕೆಟ್ಟದ್ದೆಂದು ಕಸದ ಬುಟ್ಟಿಗೆ ಹಾಕುತ್ತಿದ್ದೆವು.

ಆಗ ನಾವಿದ್ದದ್ದು ಬೆಸೆಂಟ್ ನಗರದಲ್ಲಿ, ಪದ್ಮಾ ಮಾಮಿಯ ಮನೆಯ ಮಹಡಿಯಲ್ಲಿ. ತಲೆಮಾರುಗಳಿಂದ ಮದರಾಸಿನಲ್ಲೇ ಬೇರೂರಿದ ಮಾಧ್ವರ ಮನೆಯ ಒಂಟಿಜೀವ ಅವರು. ಅವರ ಕನ್ನಡ ತಮಿಳಿನಲ್ಲಿ ಚೆನ್ನಾಗಿ ನೆನೆದು ಮೆತ್ತಗಾಗಿತ್ತು. ಕೆಳಗಿನ ಹಾಲಿನಲ್ಲಿ ತೇಗದ ಉಯ್ಯಾಲೆ. ಸಂಜೆಯಾದರೆ ಅದರ ಎಡತುದಿ ನಮ್ಮ ಮಗಳು ಚಾರುವಿಗೆ, ಬಲತುದಿ ಮಾಮಿಗೆ. ಮಾಮಿ ಕನ್ನಡದಲ್ಲಿ ಕಥೆ ಹೇಳುವುದು, ಇವಳು ತಮಿಳಿನಲ್ಲಿ ತಕರಾರು ತೆಗೆಯುವುದು.

"ಎನ್ನ ಮಗು ಇದು! ಕನ್ನಡದಲ್ಲಿ ಕೇಳಿದ್ರೆ ತಮಿಳ್ಲೇ ಬದಿಲ್ ಹೇಳತ್ತೆ!" ಎಂದು ಮಾಮಿ ನಮ್ಮನ್ನೇ ಗದರುತ್ತಿದ್ದರು. ಇವಳ ಬಾಯಿಂದ ಒಂದು ಪೂರ್ತಿ ಕನ್ನಡದ ಮಾತು ಕೇಳಬೇಕೆಂಬುದು ಅವರ ಹಟ.

ಅದು ಈಡೇರುವ ಮೊದಲೇ ನನಗೆ ಮೈಸೂರಿನಲ್ಲಿ ಕೆಲಸ ಸಿಕ್ಕಿತು. ಸುದ್ದಿ ಕೇಳಿ ಮಾಮಿ, "ಚಿಕ್ಕ ಕೊಳಂದೆ, ಮಗು ನನ್ನ ಮರೆತ್ಬಿಡತ್ತೆ" ಎಂದಷ್ಟೇ ಹೇಳಿದರು. ಹೊರಡುವ ದಿನ ಅಳಲಿಲ್ಲ. ನಲ್ಲಿ ಸರಿಯಾಗಿ ನಿಲ್ಲಿಸಿದಿರಾ ಎಂದು ಕೇಳಿ ಒಳಗೆ ಹೋದರು. ಬಲಮಾಪನದ ಪಂಡಿತನಾದ ನಾನು, ಇಲ್ಲಿ ಸೆಳೆತ ಅಷ್ಟೇನೂ ಇರಲಿಲ್ಲವೆಂದು ಷರಾ ಬರೆದುಕೊಂಡೆ.

ಮರುವರ್ಷ ಕೆಲಸದ ಮೇಲೆ ಚೆನ್ನೈಗೆ ಹೋದವನು ಮಾಮಿಯನ್ನು ನೋಡಲು ಹೋದೆ. ಕಿಟಕಿಯಿಂದ ಅದೇ ಉಪ್ಪುಗಾಳಿ, ಅದೇ ಫಿಲ್ಟರ್ ಕಾಫಿಯ ಘಮ. ಮಾಮಿ ಒಬ್ಬರೇ ಉಯ್ಯಾಲೆಯ ಬಲತುದಿಯಲ್ಲಿ ಕೂತಿದ್ದರು. ಅಷ್ಟಗಲದ ಹಲಗೆಯಲ್ಲಿ ಎಡಗಡೆ ಪೂರ್ತಿ ಖಾಲಿ. ಉಯ್ಯಾಲೆ ವಾರೆಯಾಗಿ ತೂಗುತ್ತಿತ್ತು. ನಾನು ಅಲ್ಲಿ ಕೂರಹೋದರೆ ಕೈಯಿಂದಲೇ ಕುರ್ಚಿ ತೋರಿಸಿದರು. ನಾನು ಕುರ್ಚಿಗೆ ಸರಿದೆ. ಎಳೆತ ಎಷ್ಟಿತ್ತೆಂದು ಆಗ ತಿಳಿಯಿತು. ಅಳೆಯುವಷ್ಟು ಧೈರ್ಯ ಬರಲಿಲ್ಲ.

ಮನೆಗೆ ಫೋನು ಹಚ್ಚಿ ಮಾಮಿಯ ಕೈಗೆ ಕೊಟ್ಟೆ. ಮೈಸೂರಿನ ಶಾಲೆಯಲ್ಲಿ ಪಳಗಿದ್ದ ಚಾರುವಿನ ದನಿ ನನಗೂ ಕೇಳುವಷ್ಟು ಜೋರಾಗಿತ್ತು: "ಪಾಟಿ, ಉಯ್ಯಾಲೆ ಮೇಲೆ ನನ್ ಜಾಗ ಇದ್ಯಾ?"

ಪೂರ್ತಿ ಕನ್ನಡದ ಮಾತು, ಅಜ್ಜಿಯನ್ನು ಕರೆದ ಆ ಒಂದು ತಮಿಳು ಪದ ಬಿಟ್ಟರೆ. ಅಷ್ಟು ವರ್ಷ ಇದಕ್ಕಾಗಿ ಕಾದಿದ್ದ ಮಾಮಿ ಖಾಲಿ ಹಲಗೆಯನ್ನು ಸವರುತ್ತ ಇದೆಯೆಂದು ಉತ್ತರಿಸಿದ್ದು ಮಾತ್ರ ಅಪ್ಪಟ ತಮಿಳಿನಲ್ಲಿ: "ಇರುಕ್ಕು ಕಣ್ಣಾ, ಇರುಕ್ಕು."

ಈಗ ನಮ್ಮ ಸೋಫಾಕ್ಕೂ ವಯಸ್ಸಾಗಿದೆ. ಎದ್ದು ಹೋದವರ ತಗ್ಗು ಮೊದಲಿನಂತೆ ತುಂಬುವುದಿಲ್ಲ. ಸ್ಪಂಜು ಕೆಟ್ಟಿದೆ, ಹೊಸದು ಹಾಕಿಸೋಣ ಎನ್ನುತ್ತಾಳೆ ಹೆಂಡತಿ. ಕೆಟ್ಟಿಲ್ಲ, ಇರಲಿ ಬಿಡು ಎನ್ನುತ್ತೇನೆ.