ಮನಶ್ಶಾಸ್ತ್ರದ ಕಾಗದಕ್ಕೆ ಹಾಕಿದ ಸಹಿ

ಅಜ್ಜೀಪುರದಿಂದ ಮಗಳ ಕಾಗದ ಬಂದಾಗ ನಾನು ಸೊಪ್ಪು ಹೆಚ್ಚುತ್ತಿದ್ದೆ. ಇದರಲ್ಲಿ ವಿಶೇಷವೇನೂ ಇಲ್ಲ. ಮಾಂಬಳ್ಳಿಯಲ್ಲಿ ರೇಷ್ಮೆ ಹುಳು ಸಾಕುವ ಮನೆಯ ಹೆಂಗಸಿಗೆ ಹುಟ್ಟಿನ ಸುದ್ದಿ ಬಂದರೂ ಸಾವಿನ ಸುದ್ದಿ ಬಂದರೂ ಕೈಯಲ್ಲಿ ಹಿಪ್ಪುನೇರಳೆ ಸೊಪ್ಪೇ ಇರುತ್ತದೆ. ಎಳೆ ಹುಳುವಿಗೆ ಎಲೆಯನ್ನು ಸಣ್ಣಗೆ ಹೆಚ್ಚಬೇಕು. ಕತ್ತಿ ಕೆಳಗಿಟ್ಟು ಅಳುವುದಕ್ಕೋ ನಗುವುದಕ್ಕೋ ಕೂತರೆ ಸೊಪ್ಪು ಬಾಡುತ್ತದೆ. ಹೀಗಾಗಿ ನಮ್ಮ ಅಳುವೂ ನಗುವೂ ಸ್ವಲ್ಪ ತಡವಾಗಿಯೇ ಬರುತ್ತವೆ.

ನೀಲಿ ಇನ್‌ಲ್ಯಾಂಡ್ ಕಾಗದ. ಮೇಲೆ ನಮ್ಮ ಮನೆಯವರ ಹೆಸರಿತ್ತು, ನನ್ನದಿರಲಿಲ್ಲ. ಮಂಗಳ ನಮಗೆ ಒಬ್ಬಳೇ ಮಗಳು, ಈಗ ಏಳು ತಿಂಗಳ ಬಸುರಿ. ಚೊಚ್ಚಲ ಹೆರಿಗೆಗೆ ಹೆಣ್ಣುಮಕ್ಕಳು ತವರಿಗೆ ಬರುವುದು ಎಲ್ಲ ಕಡೆ ಇರುವ ಪದ್ಧತಿ. ಕರೆತರಲು ಇವರು ಎರಡು ಸಲ ಅಜ್ಜೀಪುರಕ್ಕೆ ಹೋಗಿದ್ದರು. ಎರಡು ಸಲವೂ ಅವಳು, “ಯೋಚ್ನೆ ಮಾಡಿ ಕಾಗ್ದ ಬರೀತೀನಿ ಅಪ್ಪಾಜಿ” ಎಂದು ಊಟ ಹಾಕಿ ಕಳಿಸಿದ್ದಳು. ತವರಿಗೆ ಬರಲು ಯೋಚನೆ ಮಾಡಬೇಕಾದ ಮಗಳನ್ನು ನಾನು ಬೇರೆಲ್ಲೂ ಕಂಡಿಲ್ಲ. ಬರುತ್ತಾಳೋ ಇಲ್ಲವೋ ಎಂಬುದು ಈಗ ಆ ನೀಲಿ ಮಡಿಕೆಯೊಳಗಿತ್ತು. ಇವರು ತೋಟದಲ್ಲಿದ್ದರು. ನನಗೆ ಓದು ಬರುತ್ತದೆ, ಕಣ್ಣೂ ಚೆನ್ನಾಗಿದೆ, ದೇವರ ದಯ. ಆದರೂ ಒಡೆಯಲಿಲ್ಲ. ಮಾದಪ್ಪನ ಪಟದ ಕೆಳಗೆ ಇಟ್ಟು, ಮತ್ತೆ ಬಂದು ಕತ್ತಿ ಹಿಡಿದೆ. ನಾಲ್ಕು ಸಲ ಎದ್ದು ಹೋಗಿ ಅದು ಅಲ್ಲೇ ಇದೆಯೇ ಎಂದು ನೋಡಿ ಬಂದೆ ಎಂಬುದನ್ನೂ ಮುಚ್ಚಿಡುವುದಿಲ್ಲ.

ಗಂಡನ ಹೆಸರಿಗೆ ಬಂದ ಕಾಗದ ಒಡೆಯದಿರುವುದು ಏನು ಮಹಾ ಎಂದು ನೀವು ಕೇಳಬಹುದು. ಈ ಪಾಠ ಕಲಿಯುವುದಕ್ಕೆ ನಾನು ಕೊಟ್ಟ ಬೆಲೆ ಗೊತ್ತಿದ್ದರೆ ಹಾಗೆ ಕೇಳುತ್ತಿರಲಿಲ್ಲ.

ಮಂಗಳ ಬಸ್ಸಿನಲ್ಲಿ ಕೊಳ್ಳೇಗಾಲದ ಹೈಸ್ಕೂಲಿಗೆ ಹೋಗುತ್ತಿದ್ದ ಕಾಲ. ಕೊನೆಯ ವರ್ಷ ಅಲ್ಲಿ ಹೊಸದಾಗಿ ಮನಶ್ಶಾಸ್ತ್ರ ಎಂಬ ವಿಷಯ ಶುರು ಮಾಡಿದರು. ಮೈಸೂರಿನಿಂದ ಒಬ್ಬರು ಮೇಡಂ ಬಂದಿದ್ದರು, ಸಣ್ಣ ವಯಸ್ಸು. ಮಂಗಳ ಆ ವಿಷಯವನ್ನೇ ಆರಿಸಿಕೊಂಡಳು. ನಮ್ಮ ಅತ್ತೆ ಕೇಳಿ ನಕ್ಕುಬಿಟ್ಟರು. “ಮನ್ಸು ತಿಳ್ಕಳಕೆ ಇಸ್ಕೂಲ್ ಯಾಕವ್ವ? ಸೊಸೆ ಪಾತ್ರೆ ಮಡಗೋ ಸದ್ದು ಕೇಳುದ್ರೆ ಸಾಕು, ಅವ್ಳ ಮನ್ಸಲ್ಲಿ ಏನದೆ ಅಂತ ನಂಗೆ ಗೊತ್ತಾಯ್ತದೆ” ಎಂದರು. ಅಂದಿನಿಂದ ನಾನು ಪಾತ್ರೆಯನ್ನು ಹೂವಿನ ಹಾಗೆ ಇಡುತ್ತಿದ್ದೇನೆ.

ಮೊದಲ ವಾರವೇ ಮೇಡಂ ಒಂದು ಕಾಗದ ಕಳಿಸಿದರು. ಈ ತರಗತಿಯಲ್ಲಿ ಹೇಗಿರಬೇಕು, ಏನು ಮಾಡಬೇಕು, ಏನು ಮಾಡಬಾರದು ಎಂದು ಅದರಲ್ಲಿ ಇತ್ತು. ಗಂಟೆ ಹೊಡೆಯುವ ಮೊದಲು ಒಳಗಿರಬೇಕು. ಒಬ್ಬರು ಪ್ರಶ್ನೆ ಕೇಳಿದರೆ ಇನ್ನೊಬ್ಬರು ನಗಬಾರದು. ಅವರವರ ಮನೆಯ ಮಾತು ಕ್ಲಾಸಿನ ಬಾಗಿಲು ದಾಟಬಾರದು. ಪ್ರತಿಯೊಬ್ಬರೂ ತಮಗೆ ಹತ್ತಿರದ ಒಬ್ಬರನ್ನು ಒಂದು ತಿಂಗಳು ಗಮನಿಸಿ ಪುಸ್ತಕದಲ್ಲಿ ಬರೆಯಬೇಕು. ಕಂಡದ್ದನ್ನಷ್ಟೇ ಬರೆಯಬೇಕು, ಸರಿ ತಪ್ಪು ಹೇಳಬಾರದು, ಹೆಸರು ಹಾಕಬಾರದು. ಆ ಪುಸ್ತಕವನ್ನು ಮೇಡಂ ಬಿಟ್ಟು ಬೇರೆ ಯಾರೂ ತೆರೆಯಬಾರದು, ತಂದೆತಾಯಿ ಕೂಡ. ಇದಕ್ಕೆ ಒಪ್ಪಿದ್ದೇವೆ ಎಂದು ಕೆಳಗೆ ಮನೆಯವರ ಸಹಿ.

ಇಂಥ ಕಾಗದಕ್ಕೆಲ್ಲ ಸಹಿ ಹಾಕುವುದು ಇವರು. ಅವತ್ತು ಇವರು ಊರಲ್ಲಿರಲಿಲ್ಲ, ಬಸ್ಸಿನ ಹೊತ್ತಾಗಿತ್ತು. “ನೀನೇ ಆಕವ್ವ, ನಿಂಗೂ ಬತ್ತದಲ್ಲ” ಎಂದಳು ಮಂಗಳ. ನಿಜ, ಬರುತ್ತಿತ್ತು. ನಾನು ಎಂಟನೇ ಕ್ಲಾಸು ಓದಿದವಳು. ನನ್ನ ತವರು ಹನೂರಿನ ಪಕ್ಕ. ನಾನು ಲಗ್ನವಾಗಿ ಬಂದಾಗ ಆ ಸೀಮೆ ಮದ್ರಾಸಿಗೆ ಸೇರಿತ್ತು, ಈ ಮಾಂಬಳ್ಳಿ ಇರುವ ಯಳಂದೂರು ಮೈಸೂರಿಗೆ. ನಾನು ಎತ್ತಿನಗಾಡಿಯಲ್ಲಿ ಕೂತು ಪರರಾಜ್ಯಕ್ಕೆ ಬಂದವಳು. ಆಮೇಲೆ ರಾಜ್ಯ ಒಂದಾದ ವರ್ಷ ನನ್ನ ತವರೇ ನನ್ನ ಹಿಂದೆ ಮೈಸೂರಿಗೆ ಬಂತು. ಎಷ್ಟು ಹೆಣ್ಣುಮಕ್ಕಳಿಗೆ ಇಂಥ ಪುಣ್ಯ ಉಂಟು? ತವರು ಹೆಣ್ಣಿನ ಹಿಂದೆ ಬರಬಹುದು ಎಂದು ಆಗ ತಿಳಿಯಿತು. ಹೆಣ್ಣು ತವರಿಗೆ ಬಾರದೆ ಇರಬಹುದು ಎಂದು ತಿಳಿದದ್ದು ಈಚೆಗೆ.

ಇರಲಿ. ನೆಲದ ಮೇಲೆ ಬೆರಳಿನಿಂದ ಒಂದು ಸಲ ಬರೆದು ನೋಡಿಕೊಂಡು, ಆಮೇಲೆ ಕಾಗದದ ಮೇಲೆ ಸಹಿ ಹಾಕಿದೆ. ಕೊನೆಯ ಅಕ್ಷರಕ್ಕೆ ಒಂದು ಸುಳಿಯನ್ನೂ ಎಳೆದೆ. ಸುಳಿ ಎಳೆಯುವ ಹುಮ್ಮಸ್ಸಿನಲ್ಲಿ, ಎಳೆದದ್ದು ಯಾವ ಮಾತಿನ ಕೆಳಗೆ ಎಂಬುದು ಮರೆತುಹೋಯಿತು.

ನಿಯಮ ಪಾಲಿಸಲು ಬಾರದವಳು ನಾನು ಎಂದುಕೊಳ್ಳಬೇಡಿ. ಸೋಮವಾರ ಒಪ್ಪೊತ್ತು ಬಿಟ್ಟವಳಲ್ಲ. ಬೆಟ್ಟಕ್ಕೆ ಹರಕೆ ಹೊತ್ತರೆ ತಪ್ಪಿದವಳಲ್ಲ. ಹುಳುವಿನ ಮನೆಯ ಕಟ್ಟುಪಾಡಂತೂ ನನ್ನ ಮೈಗೇ ಅಂಟಿದೆ. ಕಾಲು ತೊಳೆಯದವರು ಹೊಸ್ತಿಲು ದಾಟುವ ಹಾಗಿಲ್ಲ. ಹೊಗೆಸೊಪ್ಪು ಹಾಕಿದ ಬಾಯಿ ಬೀದಿಯಲ್ಲೇ ಇರಬೇಕು. ಹೊರಗಿನವರು ಇಣುಕಿ ನೋಡುವಂತಿಲ್ಲ. ಎಲ್ಲಕ್ಕಿಂತ ದೊಡ್ಡದು ಜ್ವರದ ಕಟ್ಟು. ಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಪೊರೆ ಬಿಡುತ್ತದೆ. ಪ್ರತಿ ಸಲವೂ ಅದಕ್ಕೆ ಮೊದಲು ತಿನ್ನುವುದನ್ನು ನಿಲ್ಲಿಸಿ, ತಲೆ ಎತ್ತಿಕೊಂಡು ಅಲುಗದೆ ಕೂತಿರುತ್ತದೆ. ಅದಕ್ಕೆ ನಾವು ಜ್ವರ ಎನ್ನುತ್ತೇವೆ. ಹೊಸದಾಗಿ ಬಂದಾಗ ನನಗೆ ಇದು ಗೊತ್ತಿರಲಿಲ್ಲ. ಸಾಯುತ್ತಿವೆ ಎಂದು ಹೆದರಿ, ಬೆರಳಿನಿಂದ ತಟ್ಟಿ ಎಬ್ಬಿಸಿ, ಮೇಲೆ ತಾಜಾ ಸೊಪ್ಪು ಸುರಿದಿದ್ದೆ. ಒಂದು ತಟ್ಟೆ ಹುಳು ಪೂರ್ತಿ ಕೆಟ್ಟುಹೋಯಿತು. ಅತ್ತೆ ಬೈಯಲಿಲ್ಲ. “ಅದು ಕಾಯ್ಲೆ ಅಲ್ಲ ಕಣವ್ವ, ಬೆಳೀತಾ ಅದೆ. ಬೆಳೆಯೋವಾಗ ಯಾರ್ ಕೈಯೂ ಬ್ಯಾಡ, ಸುಮ್ಕೆ ಬುಡು” ಎಂದಿದ್ದರು. ಅವತ್ತಿನಿಂದ ಜ್ವರಕ್ಕೆ ಕೂತ ತಟ್ಟೆಯನ್ನು ನಾನು ಮುಟ್ಟಿಲ್ಲ. ಅದು ಹುಳುವಿನ ಮಾತಾಯಿತು.

ಮನಶ್ಶಾಸ್ತ್ರದ ಕಾಗದ ಬಂದು ಒಂದೂವರೆ ತಿಂಗಳಾಗಿತ್ತೇನೋ. ಹುಳುವಿನ ತಟ್ಟೆಗೆ ಹಾಸಲು ಹಳೆ ಪೇಪರು ಸಾಲದೆ ಬಂತು. ಹಿತ್ತಿಲ ಕಡೆಯ ಕೋಣೆ ಮಂಗಳ ಓದಿಕೊಳ್ಳುವ ಜಾಗ, ಅವಳು ಸ್ಕೂಲಿಗೆ ಹೋಗಿದ್ದಳು. ಪೇಪರು ಅಲ್ಲಿರಬಹುದು ಎಂದು ಹೋಗಿ ಗೋಡೆಯ ಗೂಡಿಗೆ ಕೈ ಹಾಕಿದೆ. ಪೇಪರಿನ ಅಡಿಯಲ್ಲಿ ಆ ಪುಸ್ತಕ ಇತ್ತು. ನನಗೆ ಅದು ಯಾವುದೆಂದು ಗೊತ್ತಾಯಿತು. ಗೊತ್ತಾಗಲಿಲ್ಲ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ, ಆದರೆ ಗೊತ್ತಾಯಿತು. ಅವಳು ಅಜ್ಜಿಯನ್ನು ಗಮನಿಸಿ ಬರೆದಿರುತ್ತಾಳೆ, ಅತ್ತೆಯ ಗುಟ್ಟು ಒಂದೆರಡು ಸಿಕ್ಕೀತು ಎಂಬ ಆಸೆಯೂ ಇತ್ತು. ದೇವರು ಅದಕ್ಕೇ ಕೈ ಸುಟ್ಟ.

ಅವಳು ಬರೆದದ್ದು ನನ್ನನ್ನು ಕುರಿತು.

‘ಅವರು ಎಲ್ಲರಿಗೂ ರೊಟ್ಟಿ ಬಡಿಸಿ ತಮಗೆ ಹಸಿವಿಲ್ಲ ಎಂದರು. ಆಮೇಲೆ ಒಲೆಯ ಮುಂದೆ ನಿಂತುಕೊಂಡು ಸೀದ ರೊಟ್ಟಿ ತಿಂದರು.’ ಇನ್ನೊಂದು ದಿನದ್ದು: ‘ಹುಳುವಿನ ಜೊತೆ ಮಾತಾಡುವಾಗ ಅವರ ದನಿ ಬೇರೆ. ನಮ್ಮ ಜೊತೆ ಇರುವುದಕ್ಕಿಂತ ಮೆತ್ತಗೆ.’ ಮತ್ತೊಂದು: ‘ದೇವರ ಮುಂದೆ ಕೂತು ಕಣ್ಣು ಒರೆಸಿಕೊಂಡರು. ಕೇಳಿದ್ದಕ್ಕೆ ಧೂಪದ ಹೊಗೆ ಎಂದರು. ಇವತ್ತು ಧೂಪ ಹಾಕಿರಲಿಲ್ಲ.’ ಅದರ ಪಕ್ಕದಲ್ಲಿ ಮೇಡಂ ಕೆಂಪು ಶಾಯಿಯಲ್ಲಿ ಬರೆದಿದ್ದರು: ‘ಚೆನ್ನಾಗಿ ನೋಡಿದ್ದೀಯ. ಕಾರಣ ಊಹಿಸಬೇಡ. ಇನ್ನೂ ನೋಡು.’

ಆ ಕೆಂಪು ಶಾಯಿ ನನ್ನ ಕಣ್ಣಿಗೆ ಮೆಣಸಿನಪುಡಿಯ ಹಾಗೆ ಬಿತ್ತು. ನನ್ನ ಕಣ್ಣೀರು ಬಸ್ಸು ಹತ್ತಿ ಕೊಳ್ಳೇಗಾಲಕ್ಕೆ ಹೋಗಿ, ಮಾರ್ಕು ಹಾಕಿಸಿಕೊಂಡು ಬಂದಿತ್ತು. ಅಂದು ಕಣ್ಣೀರು ಬಂದದ್ದು ಯಾಕೆಂದು ಈಗ ನನಗೇ ನೆನಪಿಲ್ಲ, ಆದರೆ ಅವತ್ತಿನ ನಾಚಿಕೆ ನೆನಪಿದೆ. ಎಂಟೋ ಒಂಬತ್ತೋ ಪುಟ ಓದಿರಬೇಕು. ಮುಂದಕ್ಕೆ ಓದಲಿಲ್ಲ. ನೇರ ಹೋಗಿ ಬಚ್ಚಲ ಹಂಡೆಯ ಒಲೆಗೆ ಹಾಕಿದೆ.

ಮಂಗಳ ಬಸ್ಸಿಳಿದು ಬಂದಾಗ ರಟ್ಟು ಇನ್ನೂ ಉರಿಯುತ್ತಿತ್ತು. ಅವಳು ಕಿರುಚಾಡಿದ್ದರೆ ನಾನೂ ಕಿರುಚಬಹುದಿತ್ತು, ಅಲ್ಲಿಗೆ ಮುಗಿಯುತ್ತಿತ್ತು. ಒಲೆಯನ್ನು ನೋಡಿದಳು, ನನ್ನನ್ನು ನೋಡಿದಳು. “ಸೈನ್ ಆಕಿದ್ದೆ ಅಲ್ವವ್ವ ನೀನು” ಎಂದಳು. ಅಷ್ಟೇ.

“ಎತ್ತ್ ತಾಯಿ ಮೇಲೆ ಬರೆಯೋ ಇದ್ಯೆ ನಮ್ಗೆ ಬ್ಯಾಡ” ಎಂದು ನಾನು ಹಟ ಹಿಡಿದೆ. ಇವರು ಇಬ್ಬರ ನಡುವೆ ಸಿಕ್ಕಿಕೊಂಡು, ಕೊನೆಗೆ ಸ್ಕೂಲಿಗೆ ಹೋಗಿ ವಿಷಯ ಬದಲಾಯಿಸಿ ಬಂದರು. ಒಂದು ವಾರಕ್ಕೆ ಆ ಮೇಡಂ ಬಸ್ಸಿನಲ್ಲಿ ನಮ್ಮ ಮನೆಗೇ ಬಂದರು. ಹುಳು ಇದ್ದದ್ದರಿಂದ ಒಳಗೆ ಕರೆಯುವಂತಿರಲಿಲ್ಲ, ಕರೆಯುವ ಮನಸ್ಸೂ ಇರಲಿಲ್ಲ. ಅವರು ಜಗಲಿಯಲ್ಲಿ, ನಾನು ಹೊಸ್ತಿಲ ಒಳಗೆ.

“ಪೂರ್ತಿ ಓದಿದ್ರಾಮ್ಮ?” ಎಂದು ಕೇಳಿದರು.

“ಓದಿದ್ದೇ ಎಚ್ಚಾಯ್ತು” ಎಂದೆ.

“ಕೊನೇ ಪುಟಗಳನ್ನ ಓದಬೇಕಿತ್ತು ನೀವು.”

ನನಗೆ ಕೋಪದ ಜೊತೆಗೆ ಕುತೂಹಲವೂ ಬಂತು. “ಏನ್ ಬರೆದಿದ್ಲು?” ಎಂದೆ.

ಅವರು ಮಜ್ಜಿಗೆಯ ಲೋಟ ಕೆಳಗಿಟ್ಟರು. “ಅದನ್ನ ನಾನು ಹೇಳೋ ಹಾಗಿಲ್ಲಮ್ಮ. ನಿಯಮ ಮಾಡಿದವಳು ನಾನೇ ಅಲ್ವಾ” ಎಂದು ಎದ್ದರು. ಕೊಡೆ ಬಿಡಿಸಿಕೊಂಡು ಬಿಸಿಲಲ್ಲಿ ಬಸ್‌ಸ್ಟಾಪಿಗೆ ನಡೆದು ಹೋದರು. ಅಹಂಕಾರದ ಹೆಣ್ಣು ಎಂದುಕೊಂಡೆ. ಆ ಕಾಗದದ ಮೇಲಿದ್ದ ಮಾತನ್ನು ನಡೆಸಿದವರು ಅವರೊಬ್ಬರೇ ಎಂದು ಅರ್ಥವಾಗಲು ವರ್ಷಗಳು ಹಿಡಿದವು. ಅಷ್ಟರಲ್ಲಿ ಅವರಿಗೆ ವರ್ಗವಾಗಿತ್ತು.

ಮಂಗಳ ಪಾಸಾದಳು. ಲಗ್ನವಾಯಿತು. ಎದುರು ಮಾತಾಡಿದವಳಲ್ಲ, ಹೇಳಿದ ಕೆಲಸ ಬಿಟ್ಟವಳಲ್ಲ. ಆದರೆ ಅವತ್ತಿನಿಂದ ನನಗೆ ಅವಳ ಸುದ್ದಿಯೆಲ್ಲ ಅವರಪ್ಪನ ಮೂಲಕವೇ ಬರುತ್ತದೆ. ನಾನು ಏನು ಕೇಳಿದರೂ “ಚೆನ್ನಾಗಿವ್ನಿ ಕಣವ್ವ” ಎನ್ನುತ್ತಾಳೆ. ಬಸುರಿಯಾದ ಸುದ್ದಿಯೂ ಹಾಗೇ ಬಂತು, ಇವರು ಬಸ್ಸಿಳಿದು ಬಂದು ಕಾಲು ತೊಳೆಯುತ್ತಾ ಹೇಳಿದರು. ಆಗಲೂ ನನ್ನ ಕೈಯಲ್ಲಿ ಸೊಪ್ಪಿತ್ತು. ಮಗಳು ಸುಖವಾಗಿದ್ದಾಳೆ, ಅಳಿಯ ಒಳ್ಳೆಯವನು, ಇದಕ್ಕಿಂತ ಹೆಚ್ಚು ಕೇಳಿದರೆ ಮಾದಪ್ಪ ಮುನಿದಾನು ಎಂದು ಸುಮ್ಮನಾಗುತ್ತೇನೆ. ಆದರೂ ರೊಟ್ಟಿ ಸೀದಾಗಲೆಲ್ಲ ಆ ಪುಸ್ತಕ ನೆನಪಾಗುತ್ತದೆ.

ನನ್ನ ಇಷ್ಟು ವರ್ಷದ ಬಾಳಿನಲ್ಲಿ ನನ್ನನ್ನು ಯಾರು ಹಾಗೆ ನೋಡಿದ್ದಾರೆ? ಇವರು ನೋಡುವುದು ಹಸಿವಾದಾಗ. ಅತ್ತೆ ನೋಡುವುದು ತಪ್ಪಾದಾಗ. ನಾನು ಸೀದ ರೊಟ್ಟಿ ತಿನ್ನುವುದನ್ನು ಕಂಡವಳು ಅವಳೊಬ್ಬಳು. ಕಂಡು, ತಪ್ಪೆನ್ನದೆ, ಸರಿಯೆನ್ನದೆ, ದುಂಡು ಅಕ್ಷರದಲ್ಲಿ ಬರೆದಿಟ್ಟಳು. ನಾನು ಅದಕ್ಕೆ ಬೆಂಕಿ ಇಟ್ಟು, ಅದರಿಂದ ಕಾದ ನೀರಿನಲ್ಲಿ ಎಲ್ಲರಿಗೂ ಸ್ನಾನ ಮಾಡಿಸಿದೆ. ಕೊನೆಯ ಪುಟಗಳಲ್ಲಿ ಏನಿತ್ತೋ. ಕೇಳುವ ಬಾಯಿ ನನಗಿಲ್ಲ, ಹೇಳುವ ಮನಸ್ಸು ಅವಳಿಗಿಲ್ಲ.

ಮಧ್ಯಾಹ್ನ ಇವರು ತೋಟದಿಂದ ಬಂದರು. ಕಾಗದ ಬಂದಿದೆ ಎಂದೆ.

“ಒಡುದ್ ನೋಡ್ಬಾರ್ದಾಗಿತ್ತಾ?”

“ನಿಮ್ಮ್ ಎಸ್ರಿಗೆ ಬಂದದೆ.”

“ಓಹೋ” ಎಂದು ನನ್ನ ಮುಖ ನೋಡಿದರು. ಇನ್ನೂ ಏನೋ ಕುಟುಕುವವರಿದ್ದರು, ಬಿಟ್ಟರು. ಅದೂ ಒಂದು ದಯವೇ. ಕಾಗದ ಒಡೆದು ಗಟ್ಟಿಯಾಗಿ ಓದಿದರು. ‘ಅಪ್ಪಾಜಿಗೆ ಮಂಗಳ ಮಾಡುವ ನಮಸ್ಕಾರಗಳು. ಅಮಾವಾಸ್ಯೆ ಕಳೆದ ಮೇಲೆ ಬಂದು ಕರೆದುಕೊಂಡು ಹೋಗಿ. ಹಿತ್ತಿಲ ಕಡೆಯ ಕೋಣೆ ನನಗಿರಲಿ. ನನ್ನ ಟ್ರಂಕಿಗೆ ಬೀಗ ಹಾಕಿಕೊಂಡು ಬರುತ್ತೇನೆ. ಅವ್ವನಿಗೆ ಮೊದಲೇ ಹೇಳಿಬಿಡಿ.’

ಜಗಲಿಯಲ್ಲಿ ಕೂತಿದ್ದ ಅತ್ತೆಗೆ ಈಗ ಕಿವಿ ಮಂದ, ಆದರೆ ಇಂಥದ್ದು ಮಾತ್ರ ಸರಿಯಾಗಿ ಕೇಳಿಸುತ್ತದೆ. “ಎತ್ತವ್ವನ್ ಮನೇಗೆ ಬೀಗ ಆಕಂಡ್ ಬರೋಳ್ನ ಇವತ್ತೇ ಕಣಪ್ಪ ನಾನ್ ಕೇಳ್ತಿರೋದು” ಎಂದರು. ಇವರು ಕಾಗದ ಮಡಿಸಿ ನನ್ನ ಕಡೆ ನೋಡದೆ, “ಏನೋ, ಬತ್ತಾವ್ಳಲ್ಲ” ಎಂದರು.

ನನಗೆ ನೋಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಕಣ್ಣು ಒರೆಸಿಕೊಂಡೆ, ಹೊಗೆ ಎಂದು ಯಾರಿಗೂ ಹೇಳಲಿಲ್ಲ. ಆಮೇಲೆ ಒಂದು ಯೋಚನೆ ಬಂತು. ಬರಲು ಮನಸ್ಸಿಲ್ಲದವಳಿಗೆ ಬೀಗ ಯಾಕೆ? ಸೀರೆಗೂ ಕೂಸಿನ ಕುಲಾವಿಗೂ ಯಾರೂ ಇಷ್ಟು ಮುಂಚೆ ಕಾಗದ ಬರೆದು ಬೀಗ ಹಾಕುವುದಿಲ್ಲ. ಆ ಟ್ರಂಕಿನಲ್ಲಿ ಪುಸ್ತಕ ಇದೆ. ನನ್ನ ಮಗಳು ಬರೆಯುವುದನ್ನು ಬಿಟ್ಟಿಲ್ಲ. ಏನು ಬರೆಯುತ್ತಾಳೆ, ಯಾರನ್ನು ನೋಡಿ ಬರೆಯುತ್ತಾಳೆ ಎಂಬುದು ನನಗೆ ತಿಳಿಯುವುದಿಲ್ಲ. ಈ ಸಲ ಸಹಿ ಕೇಳಿಲ್ಲ, ನನ್ನ ಸಹಿಗಿಂತ ಬೀಗ ಗಟ್ಟಿ ಎಂದು ಅವಳಿಗೆ ಗೊತ್ತು. ಮಾದಪ್ಪ ಕೊಟ್ಟದ್ದು ಇಷ್ಟು. ಇಷ್ಟಾದರೂ ಕೊಟ್ಟನಲ್ಲ.

ಹೆಚ್ಚಿದ ಸೊಪ್ಪು ತೆಗೆದುಕೊಂಡು ಹುಳುವಿನ ಮನೆಗೆ ಹೋದೆ. ಹುಳು ತಲೆ ಎತ್ತಿ ಜ್ವರಕ್ಕೆ ಕೂತಿದ್ದವು. ಸೊಪ್ಪನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಸದ್ದಾಗದಂತೆ ಬಾಗಿಲು ಎಳೆದುಕೊಂಡು, ಹಿತ್ತಿಲ ಕಡೆಯ ಕೋಣೆ ಗುಡಿಸಲು ಪೊರಕೆ ತೆಗೆದುಕೊಂಡೆ.