ಹದಿನೆಂಟಿಂಚೋ, ಹನ್ನೆರಡಿಂಚೋ

ನನ್ನ ಸೌಂಡ್ ಸೆಟ್ಟಿನ ಬಗ್ಗೆ ಯಾರಾದರೂ ಒಂದು ಮಾತು ಕಡಿಮೆ ಆಡಿದರೆ ನನಗೆ ಊಟ ಸೇರುವುದಿಲ್ಲ. ಏಳನೆಯ ತರಗತಿಗೆ ಶಾಲೆ ಬಿಟ್ಟವನು ನಾನು. ತೆಂಗಿನ ಮರ ಹತ್ತಿ ಹಾರ್ನ್ ಕಟ್ಟುವ ಕೆಲಸದಿಂದ ಶುರು ಮಾಡಿ, ಒಂದೊಂದೇ ವಯರು, ಒಂದೊಂದೇ ಮೈಕು ಕೂಡಿಸಿ ಕಟ್ಟಿದ ಸೆಟ್ಟು. ಭಟ್ಕಳದ ಹತ್ತಿರದ ಹೆಬಳೆಯ ನನ್ನ ಮನೆಯ ಜಗಲಿಯಲ್ಲಿ ಮೊದಲು ಅದಕ್ಕೆ ಜಾಗ, ಉಳಿದರೆ ನೆಂಟರಿಗೆ.

ಹೊನ್ನಾವರದಲ್ಲಿ ಒಂದು ನಿಶ್ಚಿತಾರ್ಥದ ಹಾಡಿನ ಕಾರ್ಯಕ್ರಮ ಮುಗಿದು ನಾನು ವಯರು ಸುತ್ತುತ್ತಿದ್ದಾಗ ಅಕ್ಕೋರು ಹತ್ತಿರ ಬಂದರು. ಅವರು ಕುಮಟಾದ ಶಾಲೆಯೊಂದರಲ್ಲಿ ಟೀಚರು, ರಜೆಯ ದಿನಗಳಲ್ಲಿ ಸಣ್ಣದೊಂದು ರಸಮಂಜರಿ ತಂಡ ನಡೆಸುತ್ತಾರೆ. ಹಾಡುವವರು ಅವರೇ. ಜೊತೆಗೆ ಒಬ್ಬ ಕೀಬೋರ್ಡಿನವ, ಒಬ್ಬ ರಿದಂ ಪ್ಯಾಡಿನವ. ತಂಡ ಹುಟ್ಟಿದಾಗಿನಿಂದ ಅವರ ಸೌಂಡು ನನ್ನದೇ.

"ಅಣ್ಣಾ, ನಿಮ್ಮ ಸೆಟ್ಟಲ್ಲಿ ಹಾಡು ಚಂದ ಕೇಳ್ತದೆ. ಪೆಟ್ಟು ಮಾತ್ರ ಕೇಳುದಿಲ್ಲ," ಅಂದರು. ಪ್ಯಾಡಿನವ ಢೋಲು ಬಾರಿಸಿದರೆ ಡಬ್ಬಿ ಬಡಿದ ಹಾಗೆ ಆಗುತ್ತದಂತೆ. ಕುಮಟಾದಲ್ಲಿ ಒಂದು ದೊಡ್ಡ ರಿಸೆಪ್ಷನ್ ಒಪ್ಪಿಕೊಂಡಿದ್ದಾರೆ, ಅಷ್ಟರೊಳಗೆ ನನ್ನಲ್ಲಿ ಬೇಸ್ ಪೆಟ್ಟಿಗೆ ಬಾರದಿದ್ದರೆ ಹೊನ್ನಾವರದ ಇನ್ನೊಬ್ಬರ ಸೆಟ್ಟಿಗೆ ಹೇಳಬೇಕಾಗುತ್ತದೆ ಎಂದು ಮೆತ್ತಗೆ ತಿಳಿಸಿದರು. ಬೈದಿದ್ದರೆ ತಿರುಗಿ ಏನಾದರೂ ಹೇಳಬಹುದಿತ್ತು. ಮೆತ್ತಗೆ ಹೇಳಿದ್ದಕ್ಕೆ ಸುತ್ತಿದ ವಯರನ್ನೇ ಬಿಚ್ಚಿ ಮತ್ತೆ ಸುತ್ತಿದೆ. ಇಷ್ಟು ವರ್ಷದ ತಂಡ ನನ್ನ ಕೈ ತಪ್ಪುತ್ತದೆ ಎಂಬುದಷ್ಟೇ ತಲೆಯಲ್ಲಿ ಉಳಿಯಿತು.

ಭಟ್ಕಳ ಪೇಟೆಯಲ್ಲಿ ನಾನು ಯಾವಾಗಲೂ ಹೋಗುವ ಅಂಗಡಿಯೊಂದಿದೆ. ಅಂಗಡಿಯ ಭಾಯ್ ತಮ್ಮನ ಹತ್ತಿರ ಮನೆಮಾತು ನವಾಯತಿಯಲ್ಲಿ ಮಾತಾಡುತ್ತ, ನನ್ನ ಹತ್ತಿರ ಕನ್ನಡದಲ್ಲಿ ಮಾತಾಡುತ್ತ, ಎರಡು ಸಬ್ ವೂಫರ್, ಅಂದರೆ ಬೇಸ್ ಪೆಟ್ಟಿಗೆ, ಎಳೆದು ಮುಂದಿಟ್ಟರು. ಎರಡಕ್ಕೂ ಆಂಪ್ಲಿಫೈಯರ್ ಹೊಟ್ಟೆಯೊಳಗೇ ಇದೆ, ಕರೆಂಟು ಕೊಟ್ಟು ಮಿಕ್ಸರಿನಿಂದ ವಯರು ಎಳೆದರೆ ಆತು. ಒಂದು ಹದಿನೆಂಟಿಂಚಿನದು, ಅಲುಗಾಡಿಸಲು ಇಬ್ಬರು ಬೇಕು. ಇನ್ನೊಂದು ಹನ್ನೆರಡಿಂಚಿನದು, ನಾನೊಬ್ಬನೇ ಎತ್ತಬಹುದು.

ಗೊಂದಲ ಅಲ್ಲಿಂದಲೇ ಶುರು. ಸಣ್ಣದರ ಮೈಮೇಲೆ ಬರೆದ ವ್ಯಾಟು ದೊಡ್ಡದಕ್ಕಿಂತ ಹೆಚ್ಚು. ಒಳಗಿನ ಕಾಗದದಲ್ಲಿ ನೋಡಿದರೆ ಅದೇ ವ್ಯಾಟು ಅರ್ಧಕ್ಕೆ ಇಳಿದಿದೆ. ಒಂದು ಲೆಕ್ಕ ಒಂದು ಕ್ಷಣಕ್ಕೆ, ಇನ್ನೊಂದು ಲೆಕ್ಕ ಇಡೀ ಕಾರ್ಯಕ್ರಮಕ್ಕೆ ಎಂದರು ಭಾಯ್. ಆಮೇಲೆ ಹರ್ಟ್ಸ್ ಎಂಬ ಇನ್ನೊಂದು ನಂಬರು. ಅದು ಕಡಿಮೆ ಇದ್ದಷ್ಟೂ ಒಳ್ಳೆಯದಂತೆ. ಕಡಿಮೆ ಇದ್ದರೆ ಒಳ್ಳೆಯದಾಗುವ ಸಾಮಾನನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಆದರೂ ಗೊತ್ತಿದ್ದವನ ಹಾಗೆ ತಲೆಯಾಡಿಸಿದೆ. ಭಾಯ್‌ಗೆ ನನ್ನ ಮುಖ ಅರ್ಥವಾಗಿರಬೇಕು. ಬೇಕಾದರೆ ಒಂದೊಂದು ಕಾರ್ಯಕ್ರಮಕ್ಕೆ ಒಂದೊಂದನ್ನು ಒಯ್ದು ನೋಡಿ, ಸರಿ ಕಂಡದ್ದನ್ನು ಇಟ್ಟುಕೊಳ್ಳಿ ಎಂದರು. ತೂಕ ನೋಡಿ ದೊಡ್ಡದನ್ನೇ ಮೊದಲು ಲಗೇಜ್ ರಿಕ್ಷಾಕ್ಕೆ ಹೇರಿಸಿದೆ.

ಅದುವರೆಗೆ ಇಡಗುಂಜಿಗೆ ಒಯ್ಯದೆ ನನ್ನ ಸೆಟ್ಟಿನ ಯಾವ ಸಾಮಾನಿಗೂ ಕರೆಂಟು ಕೊಟ್ಟವನಲ್ಲ. ಮೊದಲ ಹಾರ್ನಿಗೂ ಗಣಪತಿಯ ಎದುರು ಕುಂಕುಮ ಹಚ್ಚಿಸಿದ್ದೇನೆ. ಹೊರಡುವಾಗ ಹೆಂಡತಿ ಕೇಳಿದಳು, "ನಮ್ದಲ್ಲದ ಪೆಟ್ಟಿಗೆಗೆ ಪೂಜೆ ಎಂತಕೆ?" ನಮ್ಮ ಸೆಟ್ಟಿನಲ್ಲಿ ಒಂದು ದಿನ ನಿಂತರೂ ಅದು ನಮ್ಮದೇ ಎಂದೆ.

ತಂಡದ ಕಾರ್ಯಕ್ರಮಕ್ಕೆಂದು ಹೊನ್ನಾವರಕ್ಕೆ ಹೋಗುವ ದಾರಿಯಲ್ಲಿ ಇಡಗುಂಜಿಗೆ ತಿರುಗಿಸಿ ಪೂಜೆ ಮಾಡಿಸಿದೆ. ಭಟ್ಟರು ಪೆಟ್ಟಿಗೆಗೆ ನೀರು ಪ್ರೋಕ್ಷಿಸಿ, ಕುಂಕುಮ ಇಟ್ಟು, ಒಡೆದ ಕಾಯಿಯ ಒಂದು ಕಡಿ, ಹೂವು, ಗರಿಕೆಯನ್ನು ಬಾಳೆಲೆಯಲ್ಲಿ ಸುತ್ತಿ ಕೈಗೆ ಕೊಟ್ಟರು. ಪ್ರಸಾದವನ್ನು ಕಾಲಬುಡದಲ್ಲಿ ಇಡುವ ಹಾಗಿಲ್ಲ. ಪೆಟ್ಟಿಗೆಯ ಮುಂಭಾಗದಲ್ಲಿ ಗಾಳಿ ಆಡಲು ಬಿಟ್ಟ ದೊಡ್ಡ ತೂತೊಂದಿತ್ತು, ಗೋಡೆಯಲ್ಲಿ ದೀಪ ಇಡುವ ಗೂಡಿನ ಹಾಗೆ. ಅದರಲ್ಲಿಟ್ಟೆ. ಹೊನ್ನಾವರದಲ್ಲಿ ಇಳಿಸುವಾಗ ನೋಡಿದರೆ ಗೂಡು ಖಾಲಿ. ರಿಕ್ಷಾದವ ತನ್ನ ಮನೆಗೆಂದು ಎತ್ತಿಟ್ಟುಕೊಂಡಿರಬೇಕು ಎಂದುಕೊಂಡೆ. ಪ್ರಸಾದ ಯಾರು ತಗೊಂಡಿರಿ ಎಂದು ಯಾರಾದರೂ ಕೇಳುತ್ತಾರೆಯೇ? ಇಳಿಸುವಾಗ ಒಳಗೆ ಏನೋ ಗುದ್ದಿದ ಹಾಗಾಯಿತು. ಇಷ್ಟು ದೊಡ್ಡ ಪೆಟ್ಟಿಗೆ, ಒಳಗಿನ ಸಾಮಾನು ಅಲುಗುವುದು ಸಹಜ ಎಂದು ವಯರು ಎಳೆಯಲು ಹೋದೆ.

ಅವತ್ತಿನದು ಒಂದು ಮಗುವಿನ ಹುಟ್ಟುಹಬ್ಬ. ಪ್ಯಾಡಿನವ ಮೊದಲ ಪೆಟ್ಟು ಹೊಡೆದದ್ದೇ ಪೆಟ್ಟಿಗೆಯಿಂದ ಟರ್ರ್ ಎಂಬ ಸದ್ದು, ಹರಿದ ಮದ್ದಲೆಯ ಹಾಗೆ. ವಯರು ಬದಲಿಸಿದೆ. ಪ್ಲಗ್ಗು ಬದಲಿಸಿದೆ. ಹಿಂದಿನ ತಿರುಗಣೆಗಳನ್ನು ಆಚೆ ಈಚೆ ತಿರುಗಿಸಿದೆ. ಅಡಿಗೆ ಗೋಣಿಚೀಲ ಹಾಸಿದೆ. ವೋಲ್ಟೇಜು ಕಡಿಮೆ ಎಂದ ಪ್ಯಾಡಿನವ. ಅರ್ಥಿಂಗ್ ಸರಿಯಿಲ್ಲ ಎಂದರು ಮನೆಯವರು. ಗಲ್ಫಿನಿಂದ ರಜೆಗೆ ಬಂದ ನೆಂಟರೊಬ್ಬರು, ಇಷ್ಟು ಸಣ್ಣ ಅಂಗಳಕ್ಕೆ ಹದಿನೆಂಟಿಂಚು ಹಾಕಿದರೆ ಹೀಗೇ ಎಂದು ತೀರ್ಪು ಕೊಟ್ಟರು. ಎಲ್ಲರದ್ದೂ ಸರಿ ಎನಿಸಿತು. ಅಕ್ಕೋರು ಮಾತ್ರ ಪ್ಯಾಡಿನ ಬೇಸ್ ಪೂರ್ತಿ ಇಳಿಸಲು ಕೈಸನ್ನೆ ಮಾಡಿ ಹಾಡು ಮುಂದುವರಿಸಿದರು. ಆ ಸನ್ನೆ ನನ್ನ ಕೆನ್ನೆಗೆ ಹೊಡೆದಂತಾಯಿತು.

ದೊಡ್ಡದನ್ನು ಹಿಂದೆ ಕೊಟ್ಟು ಸಣ್ಣದನ್ನು ತಂದೆ. ಮುಟ್ಟಳ್ಳಿಯ ಒಂದು ಮನೆಯ ಅಂಗಳದಲ್ಲಿ ತಂಡದ ಹಾಡು, ಇಡಗುಂಜಿಗೆ ಹೋಗಲು ಹೊತ್ತು ಸಿಗಲಿಲ್ಲ. ಪೂಜೆಯಾದ ಪೆಟ್ಟಿಗೆ ಟರ್ರ್ ಎಂದಿತ್ತು, ಪೂಜೆಯಿಲ್ಲದ ಪೆಟ್ಟಿಗೆ ಒಂದು ಚೂರೂ ತಕರಾರು ಮಾಡಲಿಲ್ಲ. ಇದನ್ನು ಯಾರ ಹತ್ತಿರ ಹೇಳುವುದು? ಆದರೆ ಪೆಟ್ಟು ಎದುರಿನ ಕುರ್ಚಿಗಳನ್ನು ದಾಟಿ ಗದ್ದೆಯ ಕಡೆ ಹೋಗುವಷ್ಟರಲ್ಲಿ ಕರಗಿಹೋಗುತ್ತಿತ್ತು. ಹೇಗಿದೆ ಎಂದು ಕೇಳಿದರೆ ಅಕ್ಕೋರು "ಅಡ್ಡಿಲ್ಲ" ಎಂದರು. ಆ ಮಾತಿನಲ್ಲಿ ಅವರು ಹೊನ್ನಾವರದವರಿಗೆ ಫೋನು ಮಾಡುತ್ತಾರೋ ಇಲ್ಲವೋ ತಿಳಿಯಲಿಲ್ಲ.

ಮರುದಿನ ಭಾಯ್ ಅವರ ಫೋನು ಬಂತು. ಅಂಗಡಿಯೊಳಗೆ ಕೊಳೆತ ಕಾಯಿಯ ವಾಸನೆ, ಇಲಿ ಸತ್ತಿದೆಯೇನೋ ಎಂದು ಅಣ್ಣ ತಮ್ಮ ಸೇರಿ ಎಲ್ಲ ಜಾಲಾಡಿದರಂತೆ. ಕೊನೆಗೆ ದೊಡ್ಡ ಪೆಟ್ಟಿಗೆಯ ತೂತಿಗೆ ಕೈ ಹಾಕಿದರೆ ಬಾಳೆಲೆಯ ಪೊಟ್ಟಣ.

"ಮಾರಾಯ್ರೆ, ಇದು ನಿಮ್ಮ ದೇವರದ್ದು. ನಾವು ಎಲ್ಲೆಲ್ಲೋ ಬಿಸಾಡುಕಾಗ್ತದಾ? ಬಂದು ತಕಂಡು ಹೋಗಿ," ಎಂದರು.

ಹೋದೆ. ಪೊಟ್ಟಣವನ್ನು ಹೊಸ ಬಟ್ಟೆಯ ತುಂಡಿನಲ್ಲಿ ಸುತ್ತಿ ಮೇಲಿನ ಹಲಗೆಯಲ್ಲಿ ಇಟ್ಟಿದ್ದರು. ನನಗೆ ನಗುವೂ ಬರಲಿಲ್ಲ, ನಾಚಿಕೆಯೂ ಪೂರ್ತಿ ಆಗಲಿಲ್ಲ. ಹಾಗಾದರೆ ದೊಡ್ಡದರಲ್ಲಿ ದೋಷವೇ ಇರಲಿಲ್ಲವೇ? ಅಂಗಳ, ವೋಲ್ಟೇಜು, ಅರ್ಥಿಂಗ್ ಎಲ್ಲ ಸುಳ್ಳೇ? ರಿಸೆಪ್ಷನ್ ಮಾರನೆಯ ದಿನವೇ ಇತ್ತು. ಜೊತೆಗೆ ಒಯ್ದಿದ್ದ ಸಣ್ಣದನ್ನೂ ದೊಡ್ಡದನ್ನೂ ಒಟ್ಟಿಗೆ ಇಟ್ಟು ಒಂದೇ ಹಾಡು ಹಾಕಿಸಿದೆ. ಅಂಗಡಿಯೊಳಗೆ ಎರಡೂ ಒಂದೇ ತರ ಕೇಳಿದವು. ರಸ್ತೆ ದಾಟಿ ಆಚೆ ನಿಂತೆ. ಸಣ್ಣದು ಅಲ್ಲಿಯವರೆಗೆ ಬರಲಿಲ್ಲ. ದೊಡ್ಡದು ಎದೆಗೆ ತಾಗಿತು. ತಾಗಿದ್ದು ಅದರ ಪೆಟ್ಟೋ, ಅದೇ ಹೊತ್ತಿಗೆ ಹಾದುಹೋದ ಲಾರಿಯೋ ಎಂದು ಇವತ್ತಿಗೂ ಆಣೆ ಮಾಡಿ ಹೇಳಲಾರೆ. ದೊಡ್ಡದನ್ನೇ ಹೇರಿಸಿದೆ.

ಕುಮಟಾದ ಮದುವೆ ಹಾಲ್‌ನಲ್ಲಿ ಅದನ್ನು ಮೂಲೆಯಲ್ಲಿಟ್ಟು ಚಾಲೂ ಮಾಡಿದರೆ ಕಿಟಕಿಗಳೆಲ್ಲ ನಡುಗಿದವು. ಮೂಲೆಯಿಂದ ಈಚೆ ಎಳೆದೆ, ತಿರುಗಣೆ ಅರ್ಧಕ್ಕಿಂತ ಕೆಳಗೆ ಇಳಿಸಿದೆ. ಇಷ್ಟು ಇಳಿಸುವುದಾದರೆ ಸಣ್ಣದೇ ಸಾಕಿತ್ತೇನೋ ಎಂದು ಒಂದು ಗಳಿಗೆ ಅನಿಸಿತು. ಅಕ್ಕೋರು ವೇದಿಕೆ ಇಳಿದು ಹಾಲ್‌ನ ನಡುವೆ ನಿಂತು, ಪ್ಯಾಡಿನವನಿಗೆ ಬಾರಿಸಲು ಹೇಳಿದರು. ಕಣ್ಣು ಮುಚ್ಚಿ ಕೇಳಿದರು.

"ಈಗ ಢೋಲು ಢೋಲಿನ ಹಾಗೆ ಉಂಟು. ಆ ಟರ್ರ್ ಎಲ್ಲಿ ಹೋತು ಅಣ್ಣಾ?"

ಕೇಬಲ್ ಹೋಗಿತ್ತು ಎಂದು ಹೇಳಲು ಬಾಯಿ ತೆರೆದಿದ್ದೆ. ಆದರೆ ಪ್ರಸಾದದ ವಿಷಯದಲ್ಲಿ ಸುಳ್ಳು ಹೇಳುವುದಕ್ಕೆ ಮನಸ್ಸು ಬರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಕ್ಕೋರು ನಗುತ್ತ ಹತ್ತಿರದ ಕುರ್ಚಿಯಲ್ಲಿ ಕೂತೇಬಿಟ್ಟರು, ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು.

"ಮುಂದಿನ ತಿಂಗಳು ಭಟ್ಕಳದಲ್ಲಿ ಒಂದು ಪ್ರೋಗ್ರಾಮ್ ಉಂಟು. ಇದನ್ನೇ ತನ್ನಿ. ಹೊಟ್ಟೆ ಖಾಲಿ ಉಂಟಾ ನೋಡ್ಕಂಡು ತನ್ನಿ," ಎಂದರು.

"ಆತು," ಎಂದೆ.

ಅವತ್ತು ಸಾಮಾನು ಹೇರುವಾಗ ಅಡಿಗೆಯವರು ಬಂದು ಬೇಸ್ ಜೋರಾಯಿತು, ಪಾತ್ರೆಗಳೆಲ್ಲ ಕುಣಿದವು ಎಂದರು. ಶಾಮಿಯಾನದವರು ಇನ್ನೂ ಸ್ವಲ್ಪ ಬೇಕಿತ್ತು ಎಂದರು. ಇಬ್ಬರಿಗೂ ಹೌದು ಎಂದೆ. ಹೊರಡುವ ಮೊದಲು ಒಮ್ಮೆ ತೂತಿನೊಳಗೆ ಮೊಣಕೈವರೆಗೆ ಕೈ ಹಾಕಿ ತಡಕಿದೆ. ಒಂದು ಎಸಳು ಗರಿಕೆ ಸಿಕ್ಕಿತು. ಎಲ್ಲಿಡಬೇಕೆಂದು ತಿಳಿಯದೆ ಅಂಗಿಯ ಜೇಬಿನಲ್ಲಿಟ್ಟುಕೊಂಡೆ.