ಹಸು ಹಾಲು ಇಳಿಸದ ಚಳಿಗಾಲ

ಬೆಳಗ್ಗೆ ಆರು ಗಂಟೆ ಹತ್ತು ನಿಮಿಷ. ಹೊತ್ತು ಇಷ್ಟು ಸರಿಯಾಗಿ ಗೊತ್ತಿರುವುದಕ್ಕೆ ಕಾರಣ, ಆಗ ನಾನು ಕೊಟ್ಟಿಗೆಯ ಬಾಗಿಲಲ್ಲಿ ಹಾಲಿನ ಕ್ಯಾನು ಹಿಡಿದು ಮೊಬೈಲು ನೋಡುತ್ತಾ ನಿಂತಿದ್ದೆ. ಆರೂವರೆಗೆ ಡೇರಿಗೆ ಹೋಗಬೇಕು, ಎಂಟಕ್ಕೆ ಅರಸೀಕೆರೆಯ ಬಸ್ಸು ಹಿಡಿಯಬೇಕು. ಅಲ್ಲಿನ ಒಂದು ಶಾಲೆಯಲ್ಲಿ ನಾನು ವಿಜ್ಞಾನದ ಟೀಚರು. ಒಳಗೆ ನನ್ನ ಅತ್ತೆ ಸೀಮೆಹಸುವಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಕೆಚ್ಚಲು ಸವರುತ್ತಲೇ ಇದ್ದರು. ಪಾತ್ರೆಗೆ ಹಾಲು ಬೀಳುವ ಸದ್ದು ಮಾತ್ರ ಬರಲಿಲ್ಲ.

"ಇಳಿಸ್ತಿಲ್ಲ ಕಣವ್ವ," ಅಂದರು. "ಹಿತ್ಲ ಕಡೆ ಏನೋ ಐತೆ. ಕಿವಿ ನೋಡು, ಎರಡೂ ಅತ್ಲಾಗೇ ನಿಂತವೆ."

"ಚಳಿಗೆ ಹಂಗಾಗುತ್ತೆ ಅತ್ತೆ," ಅಂದೆ.

ನಮ್ಮ ಮನೆ ಬಾಣಾವರದ ದಾರಿಯಲ್ಲಿ, ತೆಂಗಿನ ತೋಟದ ಅಂಚಿಗಿದೆ. ಕೊಟ್ಟಿಗೆಯ ಹಿಂದೆ ತೆಂಗಿನಕಾಯಿ ಸುಲಿದ ಮಟ್ಟೆಯ ರಾಶಿ, ಅದರ ಹಿಂದೆ ಕತ್ತಾಳೆ ಬೇಲಿ, ಬೇಲಿಯಾಚೆ ಕಲ್ಲುಗುಡ್ಡ. ಹಸು ಅತ್ತೆಯ ತವರಿನಿಂದ, ಹಳೇಬೀಡಿನ ಕಡೆಯಿಂದ, ಕರುವಾಗಿದ್ದಾಗಲೇ ಬಂದದ್ದು. ಅತ್ತೆ ಬಿಟ್ಟರೆ ಬೇರೆ ಯಾರ ಕೈಗೂ ಅದು ಸರಿಯಾಗಿ ಹಾಲು ಕೊಟ್ಟಿದ್ದಿಲ್ಲ. ಹಸು ಹೇಳಿದ್ದು ಅತ್ತೆಗೆ, ಅತ್ತೆ ಹೇಳಿದ್ದು ಹಸುವಿಗೆ ತಿಳಿಯುತ್ತದೆ ಎಂದು ಮನೆಯಲ್ಲಿ ತಮಾಷೆ ಮಾಡುತ್ತಿದ್ದೆವು. ಹೆಚ್ಚು ಮಾಡುತ್ತಿದ್ದವಳು ನಾನೇ.

ಅವತ್ತು ಖಾಲಿ ಕ್ಯಾನು ಒಳಗಿಟ್ಟು ಶಾಲೆಗೆ ಹೋದೆ. ಸಂಜೆಯೂ ಹಾಲಿಲ್ಲ. ಕೆಚ್ಚಲು ಬಿಗಿದು ಕಲ್ಲಾಗಿತ್ತು. ಹಾಗೇ ಬಿಟ್ಟರೆ ಬಾವು ಬರುತ್ತದೆ ಎಂದು ನನ್ನ ಗಂಡನನ್ನು ಅವಸರಪಡಿಸಿದೆ. ಅವರು ಪಕ್ಕದೂರಿನ ಹಾಲಿನವರೊಬ್ಬರ ಹತ್ತಿರ ಹೋಗಿ, ಹಾಲು ಇಳಿಸುವ ಇಂಜೆಕ್ಷನ್ನು ಬೇಡಿ ತಂದರು. ಅದನ್ನು ಹಾಗೆಲ್ಲ ಚುಚ್ಚಬಾರದು ಎಂದು ನನಗೆ ಗೊತ್ತಿತ್ತು. ಮರುದಿನ ಬೆಳಗ್ಗೆ ನಾನೇ ಚುಚ್ಚಿದೆ. ಎರಡು ನಿಮಿಷಕ್ಕೆ ಹಾಲು ಧಾರೆ ಕಟ್ಟಿತು. ಹಸುವಿನ ಕಿವಿಗಳು ಮಾತ್ರ ಹಿಂದಿನ ಗರಿ ತಟ್ಟಿಯ ಕಡೆಗೇ ಇದ್ದವು. ಕಣ್ಣಿನ ಬಿಳಿ ಕಾಣುತ್ತಿತ್ತು.

"ನೋಡಿದ್ರಾ?" ಅಂದೆ ಗೆದ್ದವಳ ಹಾಗೆ.

ಅತ್ತೆ ಹಾಲು ಕರೆಯುತ್ತಲೇ, "ಅವಳ ಬಾಯಿ ಮುಚ್ಚಿಸ್ದಂಗಾಯ್ತು, ಅಷ್ಟೆ," ಅಂದರು.

ಹೆದರಿದ ಹಸು ಹಾಲು ಇಳಿಸುವುದಿಲ್ಲ. ಇದನ್ನು ನಾನು ಕಾಲೇಜಿನಲ್ಲಿ ಓದಿದ್ದೆ. ಭಯವಾದಾಗ ಮೈಯಲ್ಲಿ ಯಾವ ಹಾರ್ಮೋನು ಏರುತ್ತದೆ, ಅದು ಯಾವುದನ್ನು ತಡೆಯುತ್ತದೆ ಎಂದು ಚಿತ್ರ ಬರೆದು, ಭಾಗಗಳನ್ನು ಗುರುತಿಸಿ, ಪರೀಕ್ಷೆಯಲ್ಲಿ ಪೂರ್ತಿ ಅಂಕ ತೆಗೆದುಕೊಂಡಿದ್ದೆ. ಹಸು ಯಾವುದಕ್ಕೆ ಹೆದರಿದೆ ಎಂದು ಕೇಳಿಕೊಳ್ಳುವುದು ಮಾತ್ರ ಹೊಳೆಯಲಿಲ್ಲ. ಓದದ ಅತ್ತೆ ಕೇಳಿದ್ದು ಅದೊಂದನ್ನೇ.

ಮೂರು ದಿನ ಚುಚ್ಚಿದೆ. ಮೊದಲ ಎರಡು ದಿನ ಅತ್ತೆ ಹಿತ್ತಲಿಗೆ ಕಾಲಿಡಲಿಲ್ಲ. ಸ್ನಾನದ ಹಂಡೆಗೆ ಮಟ್ಟೆ ಬದಲು ಅಂಗಳದಲ್ಲಿ ಬಿದ್ದಿದ್ದ ಹಸಿ ಗರಿ ಉರಿಸಿದರು. ಮನೆಯೆಲ್ಲ ಹೊಗೆ. ಮೂರನೆಯ ದಿನ ಕಣ್ಣು ಉರಿದು ನಾನು ರೇಗಿದೆ.

"ಹಾಲು ಬರ್ತಾ ಇದೆಯಲ್ಲ ಅತ್ತೆ, ಇನ್ನೇನು ಭಯ? ಅಷ್ಟು ದೊಡ್ಡ ಮಟ್ಟೆ ರಾಶಿ ಇಟ್ಕೊಂಡು ಹೊಗೆ ಕುಡಿಯೋದಾ?"

ಅವರು ಎದ್ದರು. ಮಟ್ಟೆ ತುಂಬಲು ಮಂಕರಿ ತಗೊಂಡು ಹಿತ್ತಲಿಗೆ ಹೊರಟರು.

ಆಗ ಏಳೂಕಾಲು. ಮಾರ್ಗಶಿರದ ಮಂಜು ತೆಂಗಿನ ಬುಡಕ್ಕೆ ಇಳಿದಿತ್ತು. ಡೇರಿಯಿಂದ ಬಂದವಳು ನಾನು ಕೊಟ್ಟಿಗೆಯ ಪಕ್ಕದಲ್ಲಿ ಕ್ಯಾನು ತೊಳೆಯುತ್ತಿದ್ದೆ. ಅಲ್ಲಿಂದ ರಾಶಿಗೆ ಹದಿನಾಲ್ಕು ಹೆಜ್ಜೆ. ಆಮೇಲೆ ಎಷ್ಟೋ ಸಲ ಎಣಿಸಿದ್ದೇನೆ. ಅತ್ತೆ ಬಗ್ಗಿದರು. ರಾಶಿಯ ಮೇಲಿನ ಮಟ್ಟೆಗಳು ಜಾರಿದವು. ಅತ್ತೆಯ ಸೆರಗಿನ ಮೇಲೆ ಯಾರೋ ಹಳದಿ ಕಂಬಳಿ ಎಸೆದರು ಅನ್ನಿಸಿತು. ಆ ಕಂಬಳಿಗೆ ಬಾಲ ಇತ್ತು.

ನಾನು ಕೂಗಲಿಲ್ಲ. ಓಡಲೂ ಇಲ್ಲ. ಕೈಯಲ್ಲಿ ಕ್ಯಾನಿನ ಮುಚ್ಚಳವಿತ್ತು, ಅದನ್ನಾದರೂ ಎಸೆಯಬಹುದಿತ್ತು. ಕೂಗಿದ್ದು ಹಸು. ಹಸು ಹಾಗೆ ಕೂಗಬಲ್ಲದು ಎಂದು ನನಗೆ ಗೊತ್ತಿರಲಿಲ್ಲ. ಹಗ್ಗ ಕಿತ್ತು, ಕೊಟ್ಟಿಗೆಯ ಹಿಂದಿನ ಗರಿ ತಟ್ಟಿಯನ್ನು ಮುರಿದುಕೊಂಡು, ರಾಶಿಯ ಪಕ್ಕದಲ್ಲೇ ನುಗ್ಗಿತು. ಚಿರತೆ ಅತ್ತೆಯನ್ನು ಬಿಟ್ಟು ಬೇಲಿ ಹಾರಿತು. ಎಲ್ಲ ಮುಗಿಯಲು ನಾನೊಂದು ಉಸಿರು ಬಿಡುವಷ್ಟು ಹೊತ್ತೂ ಹಿಡಿಯಲಿಲ್ಲ.

ಬಲಭುಜದಿಂದ ಮೊಣಕೈವರೆಗೆ ಹರಿದಿತ್ತು. ಅರಸೀಕೆರೆಯ ಆಸ್ಪತ್ರೆ, ಅಲ್ಲಿಂದ ಹಾಸನ. ಹೊಲಿಗೆಗಳು, ಸೂಜಿಗಳು. ಜೀವ ಉಳಿಯಿತು. ಬಲಗೈಯ ಎರಡು ಬೆರಳು ಮಡಚುವುದಿಲ್ಲ ಎಂದು ಆಮೇಲೆ ಗೊತ್ತಾಯಿತು. ಅತ್ತೆ ಹಾಲು ಕರೆಯುತ್ತಿದ್ದುದು ಆ ಕೈಯಲ್ಲಿ.

ಊರಿನಲ್ಲಿ ಕಥೆ ಬೇಗ ಹುಟ್ಟಿತು: ಹಸು ಚಿರತೆಯ ಮೇಲೆ ಬಿದ್ದು ಯಜಮಾನಿಯನ್ನು ಕಾಪಾಡಿತಂತೆ. ಮಾಲೇಕಲ್ಲಿನ ದೇವಸ್ಥಾನಕ್ಕೆ ಹೋಗಿ ಬರುತ್ತಿದ್ದವರೂ ಗಾಡಿ ನಿಲ್ಲಿಸಿ, ಹಸುವಿಗೆ ಬಾಳೆಹಣ್ಣು ಕೊಟ್ಟು, ಫೋಟೊ ತೆಗೆದುಕೊಂಡರು. ನಾನು ನೋಡಿದ್ದು ಬೇರೆ. ಅದು ಪ್ರಾಣಭಯಕ್ಕೆ ಓಡಿತು, ಕೊಟ್ಟಿಗೆಯ ಬಾಗಿಲು ಹಾಕಿತ್ತು, ಓಡಲು ಇದ್ದ ದಾರಿ ಅದೊಂದೇ. ಕಾಪಾಡುವ ಕೆಲಸವನ್ನು ಅದು ಮೂರು ದಿನ ಮೊದಲೇ ಮಾಡಿತ್ತು. ನಾನು ಸೂಜಿ ಹಿಡಿದು ನಿಲ್ಲಿಸಿದ್ದೆ. ಈ ಮಾತನ್ನು ಫೋಟೊ ತೆಗೆಯುವವರಿಗೆ ಹೇಳಲಿಲ್ಲ. ಯಾರಿಗೂ ಹೇಳಲಿಲ್ಲ.

ಕೆರೆ ಏರಿಯ ಹತ್ತಿರ ಸಿಕ್ಕ ಹಸುವನ್ನು ನನ್ನ ಗಂಡ ಹಿಡಿದು ತಂದು ಅಂಗಳದಲ್ಲಿ ಕಟ್ಟಿದರು. ಅರಣ್ಯ ಇಲಾಖೆಯವರು ಬೇಲಿಯ ಪಕ್ಕ ಬೋನು ಇಟ್ಟರು. ನಾನು ರಜೆ ಹಾಕಿದೆ. ಇನ್ನು ಕರೆಯಬೇಕಾದವಳು ನಾನು. ಮತ್ತೆ ಸೂಜಿ ಮುಟ್ಟಲು ಕೈ ಬರಲಿಲ್ಲ. ಹಸು ನನ್ನನ್ನು ಕಂಡರೆ ಹಿಂಗಾಲು ಎತ್ತುತ್ತಿತ್ತು. ಎರಡು ಸಲ ಒದೆಸಿಕೊಂಡೆ. ಪಶುವೈದ್ಯರು ಬಂದು ಮೊಲೆತೊಟ್ಟಿಗೆ ಸಣ್ಣ ಕೊಳವೆ ತೂರಿಸಿ ಹಾಲು ತೆಗೆದು, "ದಿನಾ ಹಿಂಗಾಗಲ್ಲಮ್ಮ, ಅದನ್ನ ಒಲಿಸ್ಕೊಳ್ಳಿ," ಎಂದು ಹೋದರು.

ಅವರೆಕಾಳು ಸಾರು ತಂದುಕೊಟ್ಟ ಪಕ್ಕದ ಮನೆಯಾಕೆ ಇದನ್ನೆಲ್ಲ ನೋಡಿ, "ಏನವ್ವ ಮೇಡಂ, ಹಸೂಗೂ ಪಾಠ ಮಾಡ್ತಿದ್ದೀಯಾ? ಫೇಲು ಮಾಡ್ಬಿಡು, ಮುಂದಿನ ವರ್ಷ ಕಲ್ತುಕೊಳ್ತದೆ," ಅಂದಳು. ಬೇರೆ ದಿನವಾಗಿದ್ದರೆ ನಗುತ್ತಿದ್ದೆ.

ಅತ್ತೆ ಮನೆಗೆ ಬಂದ ಮಾರನೆಯ ಬೆಳಗ್ಗೆ, ಕಟ್ಟು ಕಟ್ಟಿದ ಕೈಯಲ್ಲೇ ಬಂದು ನನ್ನ ಹಿಂದೆ ಕೂತರು. ಬೈದಿದ್ದರೆ ಚೆನ್ನಾಗಿತ್ತು.

"ಕೈ ತಣ್ಣಗೈತೆ ನಿಂದು," ಅಂದರು. "ಕಂಕುಳಲ್ಲಿ ಇಟ್ಕೊ ಒಸಿ ಹೊತ್ತು. ಅವಳಿಗೂ ಚಳಿ ಇರ್ತದೆ."

ಇಟ್ಟುಕೊಂಡೆ.

"ಈಗ ಹಣೆ ಅವಳ ಪಕ್ಕೆಗೆ ಕೊಡು. ಕೆಚ್ಚಲು ನೋಡ್ಬೇಡ. ಉಸಿರು ಕೇಳು. ನೀನು ಬಸ್ಸಿಗೆ ಹೊರಟಿದ್ರೆ ಅವಳಿಗೆ ಗೊತ್ತಾಯ್ತದೆ."

"ಇವತ್ತು ಬಸ್ಸಿಲ್ಲ ಅತ್ತೆ."

"ಅದು ಅವಳಿಗೆ ಹೇಳು, ನನಗಲ್ಲ."

ಅವತ್ತು ಒಂದು ಲೋಟ ಬಂತು. ಮರುದಿನ ಏನೂ ಇಲ್ಲ. ಆ ಮರುದಿನ ಅರ್ಧ ಲೀಟರು. ಹಣೆಯಿಟ್ಟು ಕೂತಾಗ ಪಕ್ಕೆಯೊಳಗೆ ನಡುಕ ಹುಟ್ಟಿ ಅಡಗುವುದು ತಿಳಿಯತೊಡಗಿತು. ನಾನು ಆ ಏಳೂಕಾಲನ್ನು ನೆನೆದರೆ ಅದು ಮೊದಲು ನಡುಗುತ್ತಿತ್ತೋ, ಅದು ನಡುಗಿದ್ದಕ್ಕೆ ನನಗೆ ನೆನಪಾಗುತ್ತಿತ್ತೋ, ಗೊತ್ತಿಲ್ಲ. ಇಬ್ಬರೂ ಒಂದೇ ಹಿತ್ತಲ ಕಡೆ ನೋಡುತ್ತಿದ್ದೆವು. ಹತ್ತಿರವಾದದ್ದು ಹಾಗೆ. ಇದನ್ನು ಪ್ರೀತಿ ಎನ್ನಲು ನನಗೆ ನಾಚಿಕೆ.

ರಾತ್ರಿ ನಿದ್ದೆ ಇರಲಿಲ್ಲ. ನಡುಮನೆಯಲ್ಲಿ ದೀಪ ಹಾಕಿಕೊಂಡು ಅತ್ತೆ, ನನ್ನ ಗಂಡ, ನಾನು ಮೂವರೂ ಒಂದೇ ಕಡೆ ಮಲಗುತ್ತಿದ್ದೆವು. ಗರಿ ಬಿದ್ದರೂ ಎದ್ದು ಕೂರುತ್ತಿದ್ದೆವು. ಹಳೇಬೀಡಿನ ಕಡೆ ಒಂದು ಚಿರತೆ ಸಿಕ್ಕಿತಂತೆ ಎಂದು ಸುದ್ದಿ ಬಂದ ಮೇಲೆ ಬೋನನ್ನು ಬೇಲೂರಿನ ಹತ್ತಿರದ ಯಾವುದೋ ಊರಿಗೆ ಒಯ್ದರು. "ಅದೇ ಇರ್ಬೇಕು ಬಿಡಿ," ಅಂದ ಅರಣ್ಯ ಇಲಾಖೆಯ ಗಾರ್ಡು. ಅದೇ ಎಂದು ಅವನಿಗೆ ಯಾರು ಹೇಳಿದರು? ನಾವು ನಂಬಲಿಲ್ಲ. ಹಸುವೂ ನಂಬಲಿಲ್ಲ, ಕತ್ತಲಾದರೆ ನಿಂತೇ ಇರುತ್ತಿತ್ತು.

ಶಿವರಾತ್ರಿಗೆ ಇನ್ನೂ ಒಂದು ವಾರವಿತ್ತು. ಸೋಮವಾರ, ರಾತ್ರಿ ಊಟವಾದ ಮೇಲೆ, ಅತ್ತೆ ಕಿಟಕಿಯಿಂದ ಅಂಗಳ ನೋಡಿ ನನ್ನನ್ನು ಕರೆದರು. ಹಸು ಕಾಲು ಮಡಚಿ ಮಲಗಿ ಮೆಲುಕು ಹಾಕುತ್ತಿತ್ತು. ಕಿವಿಗಳು ಸಡಿಲವಾಗಿ ಇಳಿಬಿದ್ದಿದ್ದವು.

"ಅತ್ತೆ," ಅಂದೆ. "ಅವತ್ತು ನಾನು…"

"ದೀಪ ಆರ್ಸು," ಅಂದರು.

ಅವರಿಗೆ ಕೇಳುವ ಮನಸ್ಸಿರಲಿಲ್ಲ, ಅದು ಅವರ ಹಕ್ಕು. ದೀಪ ಆರಿಸಿದೆ. ಅತ್ತೆ ಎಡಗೈಯಿಂದ ಕಂಬಳಿ ಎಳೆದುಕೊಳ್ಳಲು ಒದ್ದಾಡುತ್ತಿದ್ದುದು ಕೇಳಿಸಿತು. ಎದ್ದು ಹೊದಿಸಿದೆ. ಬೇಡ ಅನ್ನಲಿಲ್ಲ. ಆಮೇಲೆ ಬಿಸಿಲು ಹೊಸ್ತಿಲು ದಾಟಿ ಒಳಗೆ ಬರುವವರೆಗೆ ಮೂವರಿಗೂ ಎಚ್ಚರವಾಗಲಿಲ್ಲ.